ಒಳಾಂಗಣ ಶೂಟಿಂಗ್ ರೇಂಜಿನಲ್ಲಿ ಬೆಂಕಿ: ನೆಲದ ಮೇಲಿನ ಮದ್ದಿನಿಂದ ಹೊರಬಾಗಿಲಿನವರೆಗೆ

ಕೈಲ್ ಪೊಳ್ದ್ ಹಬ್ಬಕ್ಕೆ ಕೊಡಗಿಗೆ ಹೋದವರು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿರುತ್ತೀರಿ. ಬಯಲು ಜಾಗ, ಮರದ ಮೇಲೆ ಕಟ್ಟಿದ ಕಾಯಿ, ಕೋವಿ ಹಿಡಿದು ಸರದಿಗೆ ಕಾಯುವ ಜನ. ಪ್ರತಿ ಗುಂಡಿಗೂ ನಳಿಗೆಯ ಬಾಯಿಂದ ಸ್ವಲ್ಪ ಮದ್ದು ಸುಡದೆ ಹೊರಗೆ ಬೀಳುತ್ತದೆ. ಅದು ಹುಲ್ಲಿಗೆ ಬೀಳುತ್ತದೆ, ಗಾಳಿಗೆ ಹಾರುತ್ತದೆ, ಸೆಪ್ಟೆಂಬರ್ ಮಳೆಗೆ ಮಣ್ಣು ಸೇರುತ್ತದೆ. ಅಲ್ಲಿ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಅದೇ ಗುಂಡನ್ನು ನಾಲ್ಕು ಗೋಡೆಗಳ ಒಳಗೆ ಹೊಡೆದಾಗ ಆ ಮದ್ದು ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ನೆಲದ ಸಂದಿಯಲ್ಲಿ, ಸದ್ದು ಹೀರುವ ಫೋಮಿನ ತೂತುಗಳಲ್ಲಿ, ಲೈಟಿನ ತಲೆಯ ಮೇಲೆ, ಎಕ್ಸಾಸ್ಟ್ ಫಿಲ್ಟರಿನಲ್ಲಿ ಕೂತುಬಿಡುತ್ತದೆ. ದಿನಾ ಇಷ್ಟಿಷ್ಟೇ ಸೇರುತ್ತದೆ. ಒಂದು ದಿನ ಒಂದು ಕಿಡಿ ಸಾಕು.

ನಾನು ಹಲವು ವರ್ಷಗಳಿಂದ ಒಂದು ಸಣ್ಣ ಕ್ಲಬ್ಬಿನ ರೇಂಜ್ ನೋಡಿಕೊಳ್ಳುತ್ತಿದ್ದೇನೆ. ಹೊಸಬರು ಬಂದಾಗ ಬಂದೂಕಿನ ಸುರಕ್ಷತೆ ಬಗ್ಗೆ ತುಂಬಾ ಕೇಳುತ್ತಾರೆ. ಬೆಂಕಿ ಬಗ್ಗೆ ಕೇಳಿದವರು ತೀರಾ ಕಡಿಮೆ. ಅದಕ್ಕೇ ಇದನ್ನು ಬರೆಯಲು ಕೂತೆ. ಕ್ಲಬ್ ನಡೆಸುವವರು, ಕಾಲೇಜು ಅಥವಾ ಅಕಾಡೆಮಿಯಲ್ಲಿ ರೇಂಜ್ ಕಟ್ಟಿಸುತ್ತಿರುವವರು, ಮಕ್ಕಳನ್ನು ಶೂಟಿಂಗಿಗೆ ಸೇರಿಸಿರುವ ಅಪ್ಪ ಅಮ್ಮಂದಿರು, ಎಲ್ಲರಿಗೂ ಇದರಲ್ಲಿ ಕೆಲಸಕ್ಕೆ ಬರುವ ವಿಷಯ ಇದೆ.

ಬೂಸಾನ್‌ನಲ್ಲಿ ಆಗಿದ್ದು

2009ರ ನವೆಂಬರ್ 14, ಶನಿವಾರ ಮಧ್ಯಾಹ್ನ. ದಕ್ಷಿಣ ಕೊರಿಯಾದ ಬಂದರು ನಗರ ಬೂಸಾನ್. ಅಲ್ಲಿನ ಜನನಿಬಿಡ ಮಾರುಕಟ್ಟೆ ಪ್ರದೇಶದ ಒಂದು ಒಳಾಂಗಣ ಶೂಟಿಂಗ್ ರೇಂಜಿಗೆ ಜಪಾನಿನ ಪ್ರವಾಸಿಗರ ಗುಂಪು ಬಂದಿತ್ತು. ಜಪಾನಿನಲ್ಲಿ ಬಂದೂಕು ಮುಟ್ಟುವುದೇ ಕಷ್ಟ. ಹಾಗಾಗಿ ಕೊರಿಯಾಕ್ಕೆ ಬಂದವರಿಗೆ ಇದೊಂದು ಆಕರ್ಷಣೆ. ರೇಂಜಿನಲ್ಲಿ ಇದ್ದಕ್ಕಿದ್ದಂತೆ ಬೆಂಕಿ ಭುಗಿಲೆದ್ದಿತು. 15 ಮಂದಿ ಸತ್ತರು. ಅವರಲ್ಲಿ 10 ಮಂದಿ ಆ ಪ್ರವಾಸಿಗರು.

ಗುಂಡು ಹಾರಿಸುವಾಗ ಎದ್ದ ಕಿಡಿ, ಅಲ್ಲಿ ಸೇರಿಕೊಂಡಿದ್ದ ಸುಡದ ಮದ್ದಿಗೆ ತಗುಲಿದೆ ಎಂಬ ತೀರ್ಮಾನಕ್ಕೆ ತನಿಖೆ ಬಂತು. ಯಾರೂ ಬೆಂಕಿ ಹಚ್ಚಿರಲಿಲ್ಲ. ಯಾರೂ ಬಂದೂಕನ್ನು ತಪ್ಪಾಗಿ ಬಳಸಿರಲಿಲ್ಲ. ರೇಂಜಿನಲ್ಲಿ ದಿನಾ ನಡೆಯುವ ಕೆಲಸವೇ ನಡೆಯುತ್ತಿತ್ತು. ನನಗೆ ಇದರಲ್ಲಿ ಹೆಚ್ಚು ನೋವು ಕೊಡುವುದು ಈ ಮಾತೇ.

ಇನ್ನೊಂದು ಘಟನೆ ಈಚಿನದು. 2023ರ ಅಕ್ಟೋಬರ್ 10ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಕಸ್ಟೇಕ್‌ನಲ್ಲಿ, ಟ್ರೇಲರಿನ ಒಳಗೆ ಕಟ್ಟಿದ್ದ ಪೊಲೀಸ್ ಶೂಟಿಂಗ್ ರೇಂಜಿಗೆ ಬೆಂಕಿ ಬಿತ್ತು. ಲಾಸ್ ಏಂಜಲೀಸ್ ಕೌಂಟಿಯ ಪೊಲೀಸ್ ಸಿಬ್ಬಂದಿ ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು. ಅವರಲ್ಲಿ ಒಬ್ಬರು ಆರು ತಿಂಗಳ ನಂತರ ತೀರಿಕೊಂಡರು. ದಿನಾ ಬಂದೂಕು ಹಿಡಿಯುವ, ತರಬೇತಿ ಪಡೆದ ಜನಕ್ಕೇ ಹೀಗಾಗುತ್ತದೆ.

ಮೊದಲು ಈ ಮದ್ದನ್ನು ಅರ್ಥ ಮಾಡಿಕೊಳ್ಳಿ

ದೀಪಾವಳಿ ಮರುದಿನ ಮಕ್ಕಳು ಸಿಡಿಯದ ಪಟಾಕಿಗಳನ್ನು ಆರಿಸಿ, ಬಿಚ್ಚಿ, ಮದ್ದನ್ನು ಒಂದು ಕಾಗದದ ಮೇಲೆ ಸುರಿದು ಬೆಂಕಿ ಕೊಡುತ್ತಾರೆ. ಢಂ ಅನ್ನುವುದಿಲ್ಲ. ಬುಸ್ ಎಂದು ಒಂದೇ ಉಸಿರಿಗೆ ಉರಿದು, ಬಗ್ಗಿ ನೋಡುತ್ತಿದ್ದವರ ಹುಬ್ಬು ಸುಟ್ಟಿರುತ್ತದೆ. ರೇಂಜಿನ ನೆಲದ ಮೇಲೆ ಆಗುವುದೂ ಇದೇ ಬುಸ್, ಆದರೆ ಹತ್ತಾರು ಅಡಿ ಉದ್ದಕ್ಕೆ.

ಈಗಿನ ತೋಟಾಗಳಲ್ಲಿ ಹಳೆಯ ಕಪ್ಪು ಮದ್ದು ಇರುವುದಿಲ್ಲ. ಹೊಗೆ ಕಡಿಮೆ ಬರುವ ಮದ್ದು ಇರುತ್ತದೆ. ಅದರ ಮೂಲ ವಸ್ತು ನೈಟ್ರೋಸೆಲ್ಯುಲೋಸ್, ಅಂದರೆ ಹತ್ತಿ ಅಥವಾ ಮರದ ನಾರನ್ನು ಆಮ್ಲದಲ್ಲಿ ಹದ ಮಾಡಿದ್ದು. ಕೆಲವಕ್ಕೆ ನೈಟ್ರೋಗ್ಲಿಸರಿನ್ ಕೂಡ ಸೇರಿಸುತ್ತಾರೆ. ಇದು ಸುಮಾರು 170 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಹತ್ತಿಕೊಳ್ಳುತ್ತದೆ. ಕಾಗದಕ್ಕೂ ಇದಕ್ಕಿಂತ ಜಾಸ್ತಿ ಬಿಸಿ ಬೇಕು. ಉರಿಯಲು ಬೇಕಾದ ಆಮ್ಲಜನಕ ಅದರ ಒಳಗೇ ಇದೆ. ಹಾಗಾಗಿ ಮೇಲೆ ಕಂಬಳಿ ಮುಚ್ಚಿದರೂ ಅದು ಆರುವುದಿಲ್ಲ. ಈ ಒಂದು ಗುಣ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲ್ಲಾ ಮದ್ದೂ ನಳಿಗೆಯ ಒಳಗೇ ಯಾಕೆ ಸುಡುವುದಿಲ್ಲ? ಪಿಸ್ತೂಲಿನ ನಳಿಗೆ ಗಿಡ್ಡ. ಗುಂಡು ಹೊರಗೆ ಹೋದ ಕ್ಷಣ ಒಳಗಿನ ಒತ್ತಡ ಬಿದ್ದುಹೋಗುತ್ತದೆ. ಒತ್ತಡ ಬಿದ್ದರೆ ಈ ಮದ್ದು ಸರಿಯಾಗಿ ಉರಿಯುವುದಿಲ್ಲ. ಅರೆಸುಟ್ಟ, ಸುಡದ ಚಕ್ಕೆಗಳು ಹೊರಗೆ ಚಿಮ್ಮುತ್ತವೆ. ಪಾಯಿಂಟ್ 22 (0.22 ಇಂಚು ಅಳತೆಯ ಸಣ್ಣ ಗುಂಡಿನ) ತೋಟಾಗಳಂತೂ ಇದರಲ್ಲಿ ಮುಂದು. ನಮ್ಮಲ್ಲಿ 25 ಮೀಟರ್ ಪಿಸ್ತೂಲು, 50 ಮೀಟರ್ ರೈಫಲ್ ಅಭ್ಯಾಸಕ್ಕೆ ಹೆಚ್ಚಾಗಿ ಬಳಸುವುದು ಅವನ್ನೇ.

ಒಂದು ಸಣ್ಣ ಲೆಕ್ಕ ಮಾಡೋಣ. ಪಾಯಿಂಟ್ 22 ತೋಟಾದಲ್ಲಿ ಸುಮಾರು 0.1 ಗ್ರಾಂ ಮದ್ದು ಇರುತ್ತದೆ. ನಿಮ್ಮ ರೇಂಜಿನಲ್ಲಿ ದಿನಕ್ಕೆ 1000 ಗುಂಡು ಎಂದುಕೊಳ್ಳಿ. ಒಟ್ಟು 100 ಗ್ರಾಂ. ಲೆಕ್ಕಕ್ಕೆ ಅದರಲ್ಲಿ ನೂರಕ್ಕೆ ಐದು ಪಾಲು ಸುಡದೆ ಬಿತ್ತು ಎಂದು ಇಟ್ಟುಕೊಂಡರೂ ದಿನಕ್ಕೆ 5 ಗ್ರಾಂ. ತಿಂಗಳಿಗೆ 25 ದಿನ ಎಂದರೆ 125 ಗ್ರಾಂ. ಅದು ಒಂದೇ ಕಡೆ ಗುಡ್ಡೆ ಬಿದ್ದಿರುವುದಿಲ್ಲ, ಹರಡಿಕೊಂಡಿರುತ್ತದೆ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೆಜ್ಜೆ 1: ನಿಮ್ಮದು ಯಾವ ರೇಂಜ್ ಎಂದು ಖಚಿತ ಮಾಡಿಕೊಳ್ಳಿ

ಬೆಂಗಳೂರಿನಂಥ ಊರುಗಳಲ್ಲಿ ಮಹಡಿ ಮೇಲೆ, ಬೇಸ್‌ಮೆಂಟಿನಲ್ಲಿ ಕಾಣುವ ಹೆಚ್ಚಿನ ರೇಂಜುಗಳು 10 ಮೀಟರ್ ಏರ್ ರೈಫಲ್, ಏರ್ ಪಿಸ್ತೂಲಿನವು. ಅಲ್ಲಿ ಗುಂಡನ್ನು ತಳ್ಳುವುದು ಒತ್ತಿದ ಗಾಳಿ. ಮದ್ದೇ ಇಲ್ಲ. ಹಾಗಾಗಿ ಈ ಬರಹದ ಸ್ವಚ್ಛತೆಯ ಭಾಗ ಅವರಿಗೆ ಅಷ್ಟಾಗಿ ಬೇಡ. ಫೋಮು, ವೈರಿಂಗು, ಹೊರಬಾಗಿಲು, ಇವು ಮಾತ್ರ ಅವರಿಗೂ ಅಷ್ಟೇ ಮುಖ್ಯ.

ಏರ್ ರೇಂಜಿನವರಿಗೆ ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಗನ್ನಿನ ಸಿಲಿಂಡರಿಗೆ 200 ಬಾರ್ ಒತ್ತಡದ ಒಣ ಗಾಳಿ ಮಾತ್ರ ತುಂಬಿಸಬೇಕು. ಗಾಳಿ ಸಿಗಲಿಲ್ಲ ಎಂದು ಆಸ್ಪತ್ರೆಯ ಅಥವಾ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಯಾವತ್ತೂ ತುಂಬಿಸಬೇಡಿ. ಅಷ್ಟು ಒತ್ತಡದ ಆಕ್ಸಿಜನ್‌ಗೆ ಒಂದು ಹನಿ ಎಣ್ಣೆ ಅಥವಾ ಗ್ರೀಸ್ ಸಿಕ್ಕರೆ ಸಾಕು, ಸಿಡಿಯುತ್ತದೆ. ಸಿಲಿಂಡರಿನ ಮೇಲೆ ಒತ್ತಿರುವ ತಾರೀಕು ನೋಡಿ. ಸ್ಪರ್ಧೆಯ ನಿಯಮದಲ್ಲಿ ಅದರ ಆಯುಸ್ಸು 10 ವರ್ಷ. ಮನೆಯಲ್ಲಿ ಅಭ್ಯಾಸಕ್ಕೂ ಅದನ್ನೇ ಪಾಲಿಸಿ.

ಮದ್ದಿನ ತೋಟಾ ಹಾರಿಸುವ ರೇಂಜ್ ನಿಮ್ಮದಾದರೆ ಮುಂದೆ ಓದಿ.

ಹೆಜ್ಜೆ 2: ಗೋಡೆ, ನೆಲ, ಚಾವಣಿ

ಬೆಂಕಿಯ ದೃಷ್ಟಿಯಿಂದ ರೇಂಜ್ ಕಟ್ಟುವವರು ಮಾಡುವ ದೊಡ್ಡ ತಪ್ಪು ಎಂದರೆ ಪಾಲಿಯುರೆಥೇನ್ ಫೋಮು. ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಕಾಣುವ, ಮೊಟ್ಟೆಯ ಟ್ರೇ ಥರದ ಮೆತ್ತನೆ ಹಾಳೆ. ಅಗ್ಗ, ಅಂಟಿಸಲು ಸುಲಭ, ಸದ್ದೂ ಕಡಿಮೆಯಾಗುತ್ತದೆ. ಆದರೆ ಅದಕ್ಕೆ ಎರಡು ಕೆಟ್ಟ ಗುಣಗಳಿವೆ. ಅದರ ಸಾವಿರಾರು ತೂತುಗಳು ಸುಡದ ಮದ್ದನ್ನು ಸ್ಪಂಜಿನಂತೆ ಹಿಡಿದುಕೊಳ್ಳುತ್ತವೆ, ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ. ಬೆಂಕಿ ತಗುಲಿದರೆ ಅದು ಎಣ್ಣೆ ಸುರಿದಂತೆ ಉರಿಯುತ್ತದೆ, ಕಪ್ಪು ಹೊಗೆಯಲ್ಲಿ ಸಯನೈಡ್ ಅನಿಲ ಬಿಡುತ್ತದೆ.

ಇದು ಎಷ್ಟು ಬೇಗ ಕೊಲ್ಲುತ್ತದೆ ಎಂದು ತಿಳಿಯಲು ಶೂಟಿಂಗ್ ರೇಂಜಿಗೇ ಹೋಗಬೇಕಿಲ್ಲ. 2003ರ ಫೆಬ್ರವರಿ 20ರ ರಾತ್ರಿ ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯದ ಒಂದು ನೈಟ್‌ಕ್ಲಬ್ಬಿನಲ್ಲಿ ವೇದಿಕೆಯ ಹೂಬಾಣದ ಕಿಡಿ ಗೋಡೆಯ ಫೋಮಿಗೆ ತಗುಲಿತು. 100 ಮಂದಿ ಸತ್ತರು. ಅಲ್ಲಿ ಮದ್ದು ತುಂಬಿದ ಫೋಮು ಇರಲಿಲ್ಲ, ಬರೀ ಫೋಮು ಇತ್ತು.

ಹಾಗಾದರೆ ಏನು ಹಾಕಬೇಕು? ಉರಿಯದ ವಸ್ತು, ಜೊತೆಗೆ ಒರೆಸಿದರೆ ಶುಚಿಯಾಗುವ ಮೈ. ರಾಕ್‌ವುಲ್ (ಕಲ್ಲನ್ನು ಕರಗಿಸಿ ಮಾಡಿದ ಉಣ್ಣೆಯಂಥ ನಾರು) ಒಳಗಿಟ್ಟು ಮುಂದೆ ಗಟ್ಟಿ ಹಲಗೆ ಹಾಕುವುದು ಒಂದು ದಾರಿ. ಫೈರಿಂಗ್ ಲೈನಿನ, ಅಂದರೆ ಶೂಟರ್ ನಿಂತು ಗುಂಡು ಹೊಡೆಯುವ ಗೆರೆಯ, ಮುಂದಿನ ಮೊದಲ 4-5 ಮೀಟರಿನಲ್ಲಂತೂ ತೂತು ತೂತಾದ ಯಾವ ವಸ್ತುವೂ ಬೇಡ, ಏಕೆಂದರೆ ಹೆಚ್ಚಿನ ಮದ್ದು ಬೀಳುವುದು ಅಲ್ಲೇ. ಮಾರುವವನು "ಸಾರ್, ಇದು ಫೈರ್‌ಪ್ರೂಫ್ ಫೋಮು" ಎಂದರೆ ಪರೀಕ್ಷೆಯ ಪ್ರಮಾಣಪತ್ರ ಕೇಳಿ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಇದರೊಳಗೆ ಮದ್ದು ತುಂಬಿದ ಮೇಲೂ ಇದು ಫೈರ್‌ಪ್ರೂಫಾ? ಅದಕ್ಕೆ ಉತ್ತರ ಇರುವುದಿಲ್ಲ.

ನೆಲಕ್ಕೆ ನಯವಾದ ಕಾಂಕ್ರೀಟು, ಮೇಲೆ ಸೀಲರ್ ಬಳಿದಿರಬೇಕು. ಕಾರ್ಪೆಟ್ ಬೇಡವೇ ಬೇಡ. ಕಾಂಕ್ರೀಟಿನ ಜೋಡಣೆಯ ಗೆರೆಗಳು, ಗೋಡೆ ನೆಲ ಸೇರುವ ಮೂಲೆ, ಟಾರ್ಗೆಟ್ ಓಡುವ ಹಳಿಯ ಬುಡ, ಇವುಗಳಲ್ಲಿ ಸಂದಿ ಇದ್ದರೆ ಸೀಲಂಟ್ ತುಂಬಿಸಿ. ಮಂಡಿಯೂರಿ ಕೂತು ಟಾರ್ಚ್ ಹಿಡಿದು ನೋಡಿ. ನಿಂತು ನೋಡಿದರೆ ಕಾಣುವುದಿಲ್ಲ.

ಹೆಜ್ಜೆ 3: ಗಾಳಿ ಎತ್ತ ಹೋಗುತ್ತಿದೆ ನೋಡಿ

ಗಾಳಿ ಶೂಟರ್ ಬೆನ್ನಿನ ಕಡೆಯಿಂದ ಬಂದು, ಟಾರ್ಗೆಟ್ ಕಡೆಗೆ ಸಮವಾಗಿ ಹರಿದು, ಅಲ್ಲಿಂದ ಹೊರಗೆ ಹೋಗಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಹೇಳುವಂತೆ ಫೈರಿಂಗ್ ಲೈನಿನಲ್ಲಿ ಗಾಳಿಯ ವೇಗ ನಿಮಿಷಕ್ಕೆ 75 ಅಡಿ ಇದ್ದರೆ ಒಳ್ಳೆಯದು. ಅಂದರೆ ಸೆಕೆಂಡಿಗೆ ಸುಮಾರು 0.38 ಮೀಟರ್. 50 ಅಡಿಗಿಂತ ಕಡಿಮೆ ಆಗಬಾರದು. ಒಳಗೆ ಬಿಡುವ ಗಾಳಿಗಿಂತ ಹೊರಗೆ ಎಳೆಯುವ ಗಾಳಿ ಸುಮಾರು ನೂರಕ್ಕೆ 10ರಷ್ಟು ಜಾಸ್ತಿ ಇರಬೇಕು. ಆಗ ಹೊಗೆ, ಗುಂಡು ಹಾರಿಸಿದಾಗ ಏಳುವ ಸೀಸದ ಧೂಳು ಪಕ್ಕದ ಕೋಣೆಗೆ ನುಗ್ಗುವುದಿಲ್ಲ.

ಈ ವ್ಯವಸ್ಥೆ ಮುಖ್ಯವಾಗಿ ಸೀಸದಿಂದ ಉಸಿರು ಕಾಪಾಡಲು ಇರುವುದು. ಆದರೆ ಇದರ ಇನ್ನೊಂದು ಮುಖ ಬಹಳ ಜನಕ್ಕೆ ಹೊಳೆಯುವುದಿಲ್ಲ. ಗಾಳಿ ಹೊತ್ತುಕೊಂಡು ಹೋದ ಹಗುರ ಮದ್ದು ಫಿಲ್ಟರಿನಲ್ಲಿ, ಗಾಳಿ ಹೋಗುವ ಕೊಳವೆಯ (ಡಕ್ಟಿನ) ತಿರುವಿನಲ್ಲಿ ಕೂರುತ್ತದೆ. ಮೋಟರ್ ಇರುವುದೂ ಅಲ್ಲೇ. ಆದ್ದರಿಂದ ಮೊದಲ ಹಂತದ ಫಿಲ್ಟರನ್ನು "ಇನ್ನೂ ಓಡುತ್ತೆ ಬಿಡಿ" ಎಂದು ಎಳೆಯಬೇಡಿ. ತಯಾರಕರು ಹೇಳಿದ ಒತ್ತಡದ ಗುರುತು ಮುಟ್ಟಿದ ಕೂಡಲೇ ಬದಲಾಯಿಸಿ. ತೆಗೆದ ಫಿಲ್ಟರನ್ನು ನೀರು ಚಿಮುಕಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ. ಅದನ್ನು ಕೊಡವುವುದು, ಗೋಡೆಗೆ ಬಡಿಯುವುದು ಎರಡೂ ತಪ್ಪು.

ಬೆಂಕಿ ಬಿದ್ದಾಗ ಫ್ಯಾನ್ ಓಡುತ್ತಿರಬೇಕೋ, ನಿಲ್ಲಬೇಕೋ? ಇದು ಕಟ್ಟಡದಿಂದ ಕಟ್ಟಡಕ್ಕೆ ಬದಲಾಗುವ ವಿಷಯ. ಓಡುತ್ತಿದ್ದರೆ ಹೊಗೆ ಜನರಿಂದ ದೂರ ಹೋಗಬಹುದು, ಅದೇ ಗಾಳಿ ಬೆಂಕಿಯನ್ನು ಊದಲೂಬಹುದು. ಕಟ್ಟುವಾಗಲೇ ಫೈರ್ ಎಂಜಿನಿಯರ್ ಜೊತೆ ಕೂತು ತೀರ್ಮಾನಿಸಿ, ಅಲಾರಂಗೆ ಜೋಡಿಸಿ, ಗೋಡೆಯ ಮೇಲೆ ಬರೆದು ಹಾಕಿ. ಗಾಬರಿಯ ಹೊತ್ತಲ್ಲಿ ಚರ್ಚೆ ಆಗಬಾರದು.

ಹೆಜ್ಜೆ 4: ಬುಲೆಟ್ ಟ್ರ್ಯಾಪ್ ಮತ್ತು ಒಳಗೆ ಬರುವ ತೋಟಾ

ಗುಂಡು ಹಿಡಿಯುವ ಗೋಡೆ ಉಕ್ಕಿನದಾದರೆ ಕಿಡಿಯ ಭಯ, ಟೈರ್ ರಬ್ಬರಿನ ಚೂರುಗಳದಾದರೆ ರಬ್ಬರೇ ಹತ್ತಿಕೊಳ್ಳುವ ಭಯ. ರಬ್ಬರಿಗೆ ಬಿದ್ದ ಬೆಂಕಿ ಒಳಗೊಳಗೇ ಕೊರೆಯುತ್ತದೆ. ಮೇಲೆ ಆರಿದಂತೆ ಕಂಡರೂ ಗಂಟೆಗಳ ನಂತರ ಮತ್ತೆ ಏಳುತ್ತದೆ.

ನಿಯಮ ಸರಳ. ಹೊಳೆಯುತ್ತಾ ಹೋಗುವ ಟ್ರೇಸರ್, ಬೆಂಕಿ ಹಚ್ಚುವ ಗುಂಡು, ಉಕ್ಕಿನ ತಿರುಳಿನ ಗುಂಡು ಒಳಗೆ ಬರಲೇಬಾರದು. ನಾಗರಿಕ ಕ್ಲಬ್ಬುಗಳಿಗೆ ಇವು ಬರುವ ಸಂಭವ ಕಡಿಮೆ. ಪೊಲೀಸ್ ಅಥವಾ ಸೇನೆಯವರೊಂದಿಗೆ ಜಾಗ ಹಂಚಿಕೊಳ್ಳುವ ರೇಂಜಿನಲ್ಲಿ ಕೇಳಿ ನೋಡಿಯೇ ಬಿಡಬೇಕು. ಕೌಂಟರಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಗುಂಡಿನ ತುದಿ ಅಂಟಿದರೆ ಅದರಲ್ಲಿ ಕಬ್ಬಿಣ ಇದೆ, ವಾಪಸ್ ಕಳಿಸಿ. ರಬ್ಬರಿನ ಟ್ರ್ಯಾಪನ್ನು ತಯಾರಕರು ಹೇಳಿದ ಅವಧಿಗೆ ಅಗೆದು ಸೀಸ ತೆಗೆಸಿ.

ಹೆಜ್ಜೆ 5: ಸ್ವಚ್ಛ ಮಾಡುವ ಕೆಲಸ

ಇದೇ ಈ ಬರಹದ ಹೃದಯ. ಉಳಿದದ್ದೆಲ್ಲಾ ಒಂದು ಸಲ ದುಡ್ಡು ಹಾಕಿ ಮಾಡಿಸುವ ಕೆಲಸ. ಇದು ದಿನಾ ಮೈಬಗ್ಗಿಸಿ ಮಾಡುವುದು. ನಿಂತುಹೋಗುವುದೂ ಇದೇ.

ಏನು ಮಾಡಬಾರದು ಎಂಬುದರಿಂದ ಶುರು ಮಾಡೋಣ. ಒಣ ನೆಲವನ್ನು ಪೊರಕೆಯಿಂದ ಗುಡಿಸಬೇಡಿ. ಮದ್ದು ಗುಡ್ಡೆಯಾಗುತ್ತದೆ, ಸೀಸದ ಧೂಳು ಎದ್ದು ಗುಡಿಸುವವರ ಶ್ವಾಸಕೋಶ ಸೇರುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಹಚ್ಚಬೇಡಿ. ಅದರ ಮೋಟರಿನ ಒಳಗೆ ಕಿಡಿ ಹಾರುತ್ತಿರುತ್ತದೆ, ಚೀಲದ ತುಂಬಾ ಒಣ ಮದ್ದು ಇರುತ್ತದೆ. ಅದು ಕೈಯಲ್ಲಿ ಹಿಡಿದ ಬಾಂಬಿಗೆ ಸಮ. ಬ್ಲೋವರ್ ಕೂಡ ಬೇಡ. ಕಬ್ಬಿಣದ ಕರಣೆಯಲ್ಲಿ ನೆಲ ಕೆರೆಯಬೇಡಿ.

ಈಗ ಮಾಡುವ ಕ್ರಮ.

ಶೂಟಿಂಗ್ ಪೂರ್ತಿ ನಿಲ್ಲಿಸಿ. ಬಂದೂಕು, ತೋಟಾ ಎಲ್ಲವನ್ನೂ ಹೊರಗೆ ಕಳಿಸಿ ಬೀಗ ಹಾಕಿ. ಕೆಲಸ ಮಾಡುವವರ ಜೇಬಿನಲ್ಲಿ ಲೈಟರ್, ಬೀಡಿ, ಫೋನ್ ಇರಬಾರದು. ಎಕ್ಸಾಸ್ಟ್ ಮಾತ್ರ ಓಡುತ್ತಿರಲಿ.

ಸೀಸದ ಧೂಳಿಗೆ ತಕ್ಕ, ಮುಖಕ್ಕೆ ಬಿಗಿಯಾಗಿ ಕೂರುವ ಪಿ100 ದರ್ಜೆಯ ಮಾಸ್ಕ್, ಕೈಗವಸು, ಮೇಲೆ ಬಿಸಾಡುವ ಗೌನು, ಒಳಗೆ ಹತ್ತಿ ಬಟ್ಟೆ. ನೈಲಾನ್ ಪಾಲಿಯೆಸ್ಟರ್ ಬಟ್ಟೆಗಳು ಉಜ್ಜಿದಾಗ ಚಟಚಟ ಎಂದು ಕಿಡಿ ಕೊಡುತ್ತವಲ್ಲ, ಅದು ಇಲ್ಲಿ ಬೇಡ.

ನೀರಿಗೆ ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ ಹಾಕಿ, ಗಿಡಕ್ಕೆ ಔಷಧಿ ಹೊಡೆಯುವ ಕೈ ಸ್ಪ್ರೇಯರಿನಲ್ಲಿ ಸಣ್ಣ ಮಂಜಿನಂತೆ ಸಿಂಪಡಿಸಿ. ಜೋರಾಗಿ ಪೈಪ್ ಹಿಡಿದರೆ ಮದ್ದು ಸಂದಿಗೆ ನುಗ್ಗುತ್ತದೆ. ವಿದ್ಯುತ್ ಜೋಡಣೆಗಳಿರುವ ಕಡೆ ಮೊದಲು ಆ ಭಾಗದ ಕರೆಂಟ್ ಆಫ್ ಮಾಡಿ.

ಮೇಲಿಂದ ಕೆಳಕ್ಕೆ ಬನ್ನಿ. ಲೈಟಿನ ತಲೆ, ಕೇಬಲ್ ಓಡುವ ತಟ್ಟೆ, ಟಾರ್ಗೆಟ್ ಹಳಿ, ಬೂತಿನ (ಒಬ್ಬೊಬ್ಬ ಶೂಟರ್ ನಿಲ್ಲುವ ಗೂಡಿನ) ಅಡ್ಡಗೋಡೆಯ ಅಂಚು, ಆಮೇಲೆ ಗೋಡೆ, ಕೊನೆಗೆ ನೆಲ. ಒದ್ದೆ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ. ನೆಲದ ಮೇಲಿನ ನೀರನ್ನು ರಬ್ಬರ್ ವೈಪರಿನಿಂದ ಎಳೆದು ಪ್ಲಾಸ್ಟಿಕ್ ಮೊರಕ್ಕೆ ತೆಗೆದುಕೊಳ್ಳಿ. ಚರಂಡಿಗೆ ತಳ್ಳಬೇಡಿ. ಕೊನೆಗೆ ಹೊಸ ನೀರಿನಲ್ಲಿ ಮಾಪ್ ಹಾಕಿ.

ದುಡ್ಡು ಇದ್ದರೆ ಸ್ಫೋಟಕ ಧೂಳಿಗೆಂದೇ ಮಾಡಿದ, ಹೆಪಾ ಫಿಲ್ಟರ್ ಇರುವ, ಎಳೆದದ್ದನ್ನು ನೀರಿನಲ್ಲಿ ಮುಳುಗಿಸುವ ವ್ಯಾಕ್ಯೂಮ್ ಸಿಗುತ್ತದೆ. ದೊಡ್ಡ ರೇಂಜಿಗೆ ಅದು ಬೇಕೇ ಬೇಕು. ಸಣ್ಣ ಕ್ಲಬ್ಬಿಗೆ ಒದ್ದೆ ಬಟ್ಟೆ ಮತ್ತು ತಾಳ್ಮೆ ಸಾಕಾಗುತ್ತದೆ.

ತೆಗೆದ ಕೆಸರನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಾಕಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಹೊರಗೆ ನೆರಳಲ್ಲಿ ಇಡಿ. ನೀರು ಮದ್ದನ್ನು ಕೊಲ್ಲುವುದಿಲ್ಲ, ಬರೀ ಮಲಗಿಸುತ್ತದೆ. ಒಣಗಿದರೆ ಅದು ಮತ್ತೆ ಮೊದಲಿನಂತೆ ಉರಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಮುಚ್ಚಳ ತೆಗೆದು ನೀರು ನೋಡಿ. ಒರೆಸಿದ ಬಟ್ಟೆ, ಮಾಪಿನ ತಲೆ ಕೂಡ ಒದ್ದೆಯಾಗಿಯೇ ಅದಕ್ಕೇ ಹೋಗಲಿ. ಬಿಸಿಲಿಗೆ ಒಣಹಾಕಿ ಮತ್ತೆ ಬಳಸುವುದು ಅಪಾಯ. ಇದು ಸೀಸ ಸೇರಿದ ಅಪಾಯಕಾರಿ ತ್ಯಾಜ್ಯ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು, ಒಳಗೆ ಮದ್ದು ಇದೆ ಎಂದು ಹೇಳಿಯೇ ಕೊಡಬೇಕು. ಕಸದ ಗಾಡಿಗೆ ಹಾಕಿದರೆ ಆ ಗಾಡಿಯವರ ಕೈ ಸುಡುತ್ತದೆ. ಹಿತ್ತಲಲ್ಲಿ ಸುಟ್ಟು ಮುಗಿಸೋಣ ಎಂಬ ಸಲಹೆ ಕೊಡುವವರು ಎಲ್ಲಾ ಕಡೆ ಇರುತ್ತಾರೆ. ಬೇಡ.

ಕೊನೆಗೆ ಕೈ, ಮುಖ ಸೋಪು ಹಾಕಿ ತೊಳೆಯುವ ತನಕ ನೀರೂ ಕುಡಿಯಬಾರದು. ಬಟ್ಟೆ ಮನೆಯವರ ಬಟ್ಟೆಯ ಜೊತೆ ಒಗೆಯಬಾರದು. ಸೀಸ ಮಕ್ಕಳಿಗೆ ದೊಡ್ಡವರಿಗಿಂತ ಜಾಸ್ತಿ ಹಾನಿ ಮಾಡುತ್ತದೆ.

ಎಷ್ಟು ದಿನಕ್ಕೊಮ್ಮೆ? ನಾನು ಪಾಲಿಸುವುದು ಹೀಗೆ. ಫೈರಿಂಗ್ ಲೈನಿನ ಮುಂದಿನ 5 ಮೀಟರ್ ನೆಲ, ಶೂಟಿಂಗ್ ನಡೆದ ಪ್ರತಿ ದಿನ. ಪೂರ್ತಿ ನೆಲ ಮತ್ತು ಬೂತುಗಳು ವಾರಕ್ಕೊಮ್ಮೆ. ಗೋಡೆ, ಲೈಟು, ಹಳಿ ತಿಂಗಳಿಗೊಮ್ಮೆ. ಸ್ಪರ್ಧೆ ಇದ್ದ ವಾರ ಎಲ್ಲವೂ ಒಂದು ಸುತ್ತು ಜಾಸ್ತಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಹಾರಿದ ಗುಂಡಿನ ಲೆಕ್ಕ, ಮಾಡಿದವರ ಸಹಿ. ಸಹಿ ಇಲ್ಲದಿದ್ದರೆ ಮರುದಿನ ಬೀಗ ತೆಗೆಯುವುದಿಲ್ಲ.

ಈ ಕೆಲಸ ಮಾಡುವವರ ಬಗ್ಗೆ ಒಂದು ಮಾತು. ನಮ್ಮಲ್ಲಿ ಇದನ್ನು ಹೌಸ್‌ಕೀಪಿಂಗ್ ಅಕ್ಕಂದಿರ ಕೈಗೆ ಒಂದು ಪೊರಕೆ ಕೊಟ್ಟು ಮುಗಿಸುತ್ತಾರೆ. ತಾವು ಗುಡಿಸುತ್ತಿರುವುದು ಮದ್ದು, ಸೀಸ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ದಯವಿಟ್ಟು ಹೀಗೆ ಮಾಡಬೇಡಿ. ಮೊದಲು ರೇಂಜ್ ಆಫೀಸರ್, ಅಂದರೆ ಶೂಟಿಂಗ್ ನಡೆಸುವ ಹೊಣೆ ಹೊತ್ತವರು, ತಾನೇ ಬಗ್ಗಿ ಮಾಡಿ ತೋರಿಸಲಿ. ಅವರಿಗೂ ಮಾಸ್ಕ್ ಕೊಡಿಸಿ, ವರ್ಷಕ್ಕೊಮ್ಮೆ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಿ.

ಹೆಜ್ಜೆ 6: ವೆಲ್ಡಿಂಗ್ ಬಂದ ದಿನ

ನಾನು ಕಣ್ಣಾರೆ ಕಂಡಿದ್ದು. ಹೆಸರು ಹೇಳದ ಒಂದು ರೇಂಜಿನಲ್ಲಿ ಟಾರ್ಗೆಟ್ ಹಳಿ ಸಡಿಲವಾಗಿತ್ತು. ವೆಲ್ಡರ್ ಬಂದ, ಎರಡು ಟಾಕಾ ಹಾಕಿದ. ಕೆಳಗೆ ಬಿದ್ದ ಕಿಡಿಯಿಂದ ನೆಲದ ಮೇಲೆ ಹಳದಿ ಬೆಂಕಿಯ ಗೆರೆಯೊಂದು ಹಾವಿನಂತೆ ಹರಿದು ಮೂಲೆಗೆ ಹೋಗಿ ಬುಸ್ಸೆಂದಿತು. ಎರಡು ಸೆಕೆಂಡೂ ಇಲ್ಲ. ಅವನ ಕಾಲಿನ ಕೂದಲು ಸುಟ್ಟಿತು, ಅಷ್ಟಕ್ಕೇ ಮುಗಿಯಿತು. ಹಿಂದಿನ ರಾತ್ರಿ ನೆಲ ಗುಡಿಸಿದ್ದರು. ಒಣ ಪೊರಕೆಯಲ್ಲಿ. ಆ ಗೆರೆ ಬಿದ್ದಿದ್ದು ಪೊರಕೆ ಎಳೆದ ದಾರಿಯಲ್ಲೇ.

ಅಂದಿನಿಂದ ನನ್ನ ನಿಯಮ: ಬಿಚ್ಚಿ ಹೊರಗೆ ಒಯ್ಯಲು ಆಗುವುದನ್ನು ಒಳಗೆ ವೆಲ್ಡ್ ಮಾಡುವುದಿಲ್ಲ. ಒಳಗೇ ಆಗಬೇಕಾದರೆ ಹಿಂದಿನ ದಿನ ಪೂರ್ತಿ ಒದ್ದೆ ಸ್ವಚ್ಛತೆ, ಕೆಲಸದ ಸುತ್ತ ನೆಲ ನೆನೆಸಿಡುವುದು, ಪಕ್ಕದಲ್ಲಿ ನೀರಿನ ಪೈಪ್ ಹಿಡಿದು ಒಬ್ಬರು ನಿಲ್ಲುವುದು, ಮುಗಿದ ಮೇಲೂ ಒಂದು ಗಂಟೆ ಕಾಯುವುದು. ಗ್ರೈಂಡರ್, ಡ್ರಿಲ್ ಎಲ್ಲಕ್ಕೂ ಇದೇ.

ಹೆಜ್ಜೆ 7: ಆರಿಸುವ ಸಾಧನ

ಮೊದಲು ಹೇಳಿದ ಗುಣ ನೆನಪಿಸಿಕೊಳ್ಳಿ. ಈ ಮದ್ದು ತನ್ನ ಆಮ್ಲಜನಕ ತಾನೇ ತಂದಿದೆ. ಹಾಗಾಗಿ ಗಾಳಿ ತಪ್ಪಿಸಿ ಆರಿಸುವ ಸಿಓಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಮದ್ದಿನ ಬೆಂಕಿಗೆ ಕೆಲಸ ಮಾಡುವುದಿಲ್ಲ. ಅದರ ರಭಸದ ಊದುವಿಕೆ ಮದ್ದನ್ನು ಇನ್ನಷ್ಟು ಚೆಲ್ಲಾಡಬಹುದು. ಮದ್ದಿಗೆ ಬೇಕಿರುವುದು ತಂಪು. ಅಂದರೆ ನೀರು. ಹಿಂದೆ ಶೂಟರ್‌ಗಳು ನಿಲ್ಲುವ ಕಡೆ 9 ಲೀಟರಿನ ನೀರಿನ ಸಿಲಿಂಡರ್‌ಗಳನ್ನು ಇಡಿ. ವಿದ್ಯುತ್ ಪ್ಯಾನೆಲ್ ಬಳಿ ಸಿಓಟು ಇರಲಿ. ನಮ್ಮ ಐಎಸ್ 2190 ಮಾನದಂಡದ ಪ್ರಕಾರ ಎಲ್ಲಿ ನಿಂತರೂ 15 ಮೀಟರ್ ಒಳಗೆ ಒಂದು ಸಿಲಿಂಡರ್ ಕೈಗೆ ಸಿಗಬೇಕು. ಚಾವಣಿಯಲ್ಲಿ ಸ್ಪ್ರಿಂಕ್ಲರ್ ಹಾಕಿಸಲು ಆದರೆ ಅದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ಒಂದು ಮಾತು ಖಡಾಖಂಡಿತ. ನೆಲದ ಮದ್ದು ಹತ್ತಿದರೆ ನೀವು ಸಿಲಿಂಡರಿನ ಪಿನ್ ಎಳೆಯುವ ಮೊದಲೇ ಅದು ಉರಿದು ಮುಗಿದಿರುತ್ತದೆ. ನೀವು ಆರಿಸುವುದು ಅದು ಹಚ್ಚಿಬಿಟ್ಟ ಉಳಿದ ವಸ್ತುಗಳನ್ನು. ಗೋಡೆಗೆ, ಫೋಮಿಗೆ, ರಬ್ಬರಿಗೆ ಬೆಂಕಿ ಏರಿದ್ದು ಕಂಡರೆ ಸಿಲಿಂಡರ್ ಬಿಟ್ಟು ಹೊರಡಿ.

ಹೆಜ್ಜೆ 8: ಬಾಗಿಲು

ಇಲ್ಲಿ ಎರಡು ಕಾಳಜಿಗಳು ಜಗಳಕ್ಕೆ ಬೀಳುತ್ತವೆ. ಬಂದೂಕು ಇರುವ ಜಾಗ, ಆದ್ದರಿಂದ ಗ್ರಿಲ್ಲು, ಬೀಗ, ಬೆರಳಚ್ಚಿನ ಯಂತ್ರ ಬೇಕು. ಸದ್ದು ಹೊರಗೆ ಹೋಗಬಾರದು, ಆದ್ದರಿಂದ ಕಿಟಕಿ ಇಲ್ಲ. ಕಳ್ಳ ಒಳಗೆ ಬರದಂತೆ ಮಾಡಿದ್ದೆಲ್ಲಾ ಬೆಂಕಿಯ ದಿನ ನಮ್ಮವರು ಹೊರಗೆ ಹೋಗದಂತೆ ಮಾಡುತ್ತದೆ.

ಇದಕ್ಕೆ ಉಪಾಯ ಇದೆ. ಹೊರಗಿನಿಂದ ಬೀಗ ಇರಲಿ, ಒಳಗಿನಿಂದ ತಳ್ಳಿದರೆ ತೆರೆಯುವ ಅಡ್ಡಪಟ್ಟಿಯ ಬಾಗಿಲು ಹಾಕಿಸಿ. ಸಿನಿಮಾ ಥಿಯೇಟರಿನಲ್ಲಿ ನೋಡಿರುತ್ತೀರಿ. ಬಾಗಿಲು ಹೊರಮುಖವಾಗಿ ತೆರೆಯಬೇಕು. ಕರೆಂಟ್ ಹೋದರೆ ವಿದ್ಯುತ್ ಬೀಗ ತಾನಾಗಿ ಬಿಡಬೇಕು. ಬಂದೂಕಿಗೆ ಬೇಕಾದ ಭದ್ರತೆಯನ್ನು ಬಂದೂಕಿನ ಕೋಣೆಗೆ, ಉಕ್ಕಿನ ಬೀರುವಿಗೆ ಕೊಡಿ, ಜನ ನಿಲ್ಲುವ ಕೋಣೆಗಲ್ಲ. ಹೊರದಾರಿ ಎರಡು ಇರಲಿ. ಎರಡೂ ಒಂದೇ ಮೆಟ್ಟಿಲಿಗೆ ಹೋಗಬಾರದು. ಮೆಟ್ಟಿಲ ಕೆಳಗೆ ಹಳೆ ಟಾರ್ಗೆಟ್ ಬೋರ್ಡು, ರಟ್ಟಿನ ಡಬ್ಬ ಪೇರಿಸುವ ಅಭ್ಯಾಸ ಇದ್ದರೆ ಇವತ್ತೇ ತೆಗೆಸಿ.

ಇನ್ನೊಂದು ಸಣ್ಣ ವಿಷಯ, ಬಹಳ ಕಡೆ ಮರೆತಿರುತ್ತಾರೆ. ರೇಂಜಿನಲ್ಲಿ ಎಲ್ಲರ ಕಿವಿಗೂ ಇಯರ್‌ಮಫ್ ಇರುತ್ತದೆ. ಅಲಾರಂ ಸದ್ದು ಕೇಳಿಸುವುದೇ ಇಲ್ಲ! ಆದ್ದರಿಂದ ಪ್ರತಿ ಬೂತಿನಿಂದ ಕಾಣುವಂತೆ ಮಿನುಗುವ ಕೆಂಪು ದೀಪ ಬೇಕು.

ಹೆಜ್ಜೆ 9: ಬೆಂಕಿ ಬಿದ್ದ ಕ್ಷಣ

ರೇಂಜ್ ಆಫೀಸರ್ "ಸ್ಟಾಪ್!" ಎಂದು ಕೂಗಬೇಕು. ಈ ಕೂಗು ಎಲ್ಲಾ ಶೂಟರ್‌ಗಳಿಗೂ ಪಾಠವಾಗಿರುತ್ತದೆ. ಕೈಯಲ್ಲಿದ್ದ ಬಂದೂಕನ್ನು ಟಾರ್ಗೆಟ್ ಕಡೆಗೆ ಮುಖ ಮಾಡಿ ಮೇಜಿನ ಮೇಲೆ ಇಡಿ. ಬೆರಳು ಟ್ರಿಗರಿನಿಂದ ದೂರ. ಅರೆ ಕ್ಷಣದಲ್ಲಿ ಮ್ಯಾಗಜಿನ್ ತೆಗೆಯಲು ಆದರೆ ತೆಗೆಯಿರಿ, ಇಲ್ಲದಿದ್ದರೆ ಬಿಡಿ. ಬಂದೂಕು ಎತ್ತಿಕೊಂಡು ಓಡಬೇಡಿ. ಎಷ್ಟೇ ಬೆಲೆಯದ್ದಾದರೂ ಬೇಡ. ಹೊಗೆಯಲ್ಲಿ, ಗುಂಪಿನಲ್ಲಿ, ತುಂಬಿದ ಬಂದೂಕು ಹಿಡಿದ ಗಾಬರಿಯ ಮನುಷ್ಯ ಇನ್ನೊಂದು ಅನಾಹುತ.

ಬಗ್ಗಿ, ಹಿಂದಿನ ಬಾಗಿಲಿಗೆ ನಡೆಯಿರಿ. ಹೊರಗೆ ಹೋದ ಮೇಲೆ ರಿಜಿಸ್ಟರ್ ನೋಡಿ ತಲೆ ಎಣಿಸಿ. 112ಕ್ಕೆ ಅಥವಾ 101ಕ್ಕೆ ಫೋನ್ ಮಾಡಿ "ಶೂಟಿಂಗ್ ರೇಂಜ್, ಒಳಗೆ ಇಷ್ಟು ತೋಟಾ ಇದೆ, ಇಂಥ ಮೂಲೆಯಲ್ಲಿದೆ, ಮೇಜಿನ ಮೇಲೆ ತುಂಬಿದ ಬಂದೂಕು ಇದೆ" ಎಂದು ಮೊದಲ ವಾಕ್ಯದಲ್ಲೇ ಹೇಳಿ. ಬಿಡಿ ತೋಟಾ ಬೆಂಕಿಗೆ ಬಿದ್ದರೆ ಸಿನಿಮಾದಲ್ಲಿ ತೋರಿಸುವಂತೆ ಗುಂಡಿನ ಮಳೆ ಆಗುವುದಿಲ್ಲ. ನಳಿಗೆಯ ಹಿಡಿತ ಇಲ್ಲದ ಕಾರಣ ಕೊಳವೆಯೇ ಹರಿದು ಚೂರು ಹಾರುತ್ತದೆ, ಹೆಚ್ಚು ದೂರ ಹೋಗುವುದಿಲ್ಲ. ಆದರೆ ತುಂಬಿದ ಬಂದೂಕು ಕಾದರೆ ತಾನಾಗಿಯೇ ಹಾರುತ್ತದೆ, ಆಗ ಅದು ನಿಜವಾದ ಗುಂಡು. ಅಗ್ನಿಶಾಮಕ ಸಿಬ್ಬಂದಿಗೆ ಈ ವ್ಯತ್ಯಾಸ ಜೀವದ ಪ್ರಶ್ನೆ.

ಸಾಧ್ಯವಾದರೆ ನಿಮ್ಮ ಪ್ರದೇಶದ ಅಗ್ನಿಶಾಮಕ ಠಾಣೆಯವರನ್ನು ಒಮ್ಮೆ ಕರೆಸಿ ಒಳಗೆಲ್ಲಾ ತೋರಿಸಿ. ನಾವು ಕರೆದಾಗ ಅವರು ಖುಷಿಯಿಂದ ಬಂದರು, ನಮಗೆ ಹೊಳೆಯದ ಎರಡು ತಪ್ಪು ಹೇಳಿ ಹೋದರು. ವರ್ಷಕ್ಕೆ ಎರಡು ಸಲ ಡ್ರಿಲ್ ಮಾಡಿ. ಅದರಲ್ಲಿ ಒಂದನ್ನು ಲೈಟ್ ಆರಿಸಿ ಕತ್ತಲಲ್ಲಿ ಮಾಡಿ.

ನೀವು ಬರೀ ಶೂಟ್ ಮಾಡಲು ಹೋಗುವವರಾದರೆ

ಐದು ನಿಮಿಷ ಸಾಕು. ಫೈರಿಂಗ್ ಲೈನಿನಿಂದ ಮುಂದೆ ನೆಲ ನೋಡಿ. ಬೂದು, ಹಸಿರು ಮಿಶ್ರಿತ ಸಣ್ಣ ಚಕ್ಕೆಗಳು ಕಂಡರೆ ಕೊನೆಯ ಸಲ ಯಾವಾಗ ಒರೆಸಿದ್ದು ಎಂದು ಕೇಳಿ. ಗೋಡೆಯ ಫೋಮನ್ನು ದೂರದಿಂದ ನೋಡಿ, ಬೂತಿನ ಹತ್ತಿರ ಕಪ್ಪಾಗಿದ್ದರೆ ಅದು ಬರೀ ಕೊಳೆಯಲ್ಲ. ಎರಡನೇ ಬಾಗಿಲು ಎಲ್ಲಿದೆ ಎಂದು ಕೇಳಿ, ಹೋಗಿ ತಳ್ಳಿ ನೋಡಿ. ಗುಂಡು ಹೊಡೆದಾಗ ಹೊಗೆ ನಿಮ್ಮ ಮುಖಕ್ಕೇ ವಾಪಸ್ ಬರುತ್ತಿದೆಯಾ ಗಮನಿಸಿ. ಮೊದಲ ಪ್ರಶ್ನೆಗೆ ನೋಟ್‌ಬುಕ್ ತೆಗೆದು ತೋರಿಸುವ ರೇಂಜಾದರೆ ಧೈರ್ಯವಾಗಿ ಮಗುವನ್ನು ಸೇರಿಸಿ. "ಅದೆಲ್ಲಾ ಏನೂ ಆಗಲ್ಲ ಸಾರ್" ಎಂಬ ಉತ್ತರ ಬಂದರೆ ಕಟ್ಟಿದ ಫೀಸ್ ಹೋದರೂ ಪರವಾಗಿಲ್ಲ, ಮಗುವನ್ನು ಕರೆದುಕೊಂಡು ಬನ್ನಿ.